ಬಿಪಿ, ಶುಗರ್ ನೋಡಿದ್ದಾಯಿತು. ತೊಡೆಯ ಬಲ ನೋಡಿದಿರಾ?
ಹೈದರಾಬಾದಿನ ಕನ್ನಡಿಗರಿಗೆ ಒಂದು ಮನವಿ



ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಈ ಬರಹ ಓದಿ ಮುಗಿಸುವ ಮೊದಲೇ ಒಂದು ಸಣ್ಣ ಪರೀಕ್ಷೆ ಮಾಡಿಬಿಡಿ. ಊಟದ ಮೇಜಿನ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಪ್ಪನನ್ನೋ ಅತ್ತೆಯನ್ನೋ ಅದರಲ್ಲಿ ಕೂರಿಸಿ, ಎರಡೂ ಕೈ ಎದೆಗೆ ಕಟ್ಟಿಕೊಂಡು, ಎಲ್ಲಿಯೂ ಊರದೆ ಐದು ಸಲ ಎದ್ದು ಕೂರಲು ಹೇಳಿ. ಬೀಳದಂತೆ ಪಕ್ಕದಲ್ಲೇ ನಿಂತಿರಿ. ಮೊಬೈಲಿನಲ್ಲಿ ಸಮಯ ನೋಡಿಕೊಳ್ಳಿ. ಹನ್ನೆರಡು ಸೆಕೆಂಡಿನೊಳಗೆ ಮುಗಿದರೆ ಸಂತೋಷ. ಅದಕ್ಕಿಂತ ಹೆಚ್ಚು ಹಿಡಿದರೆ, ಇಲ್ಲವೇ ಎರಡನೆಯ ಸಲಕ್ಕೇ ಕೈ ತಾನಾಗಿ ಕುರ್ಚಿಯ ಅಂಚು ಹುಡುಕಿದರೆ, ಮುಂದಿನ ಮಾತು ನಿಮಗಾಗಿಯೇ ಬರೆದದ್ದು.

ಈ ಹನ್ನೆರಡು ಸೆಕೆಂಡು ನನ್ನ ಕಲ್ಪನೆಯದಲ್ಲ. ಮುಪ್ಪಿನಲ್ಲಿ ಸ್ನಾಯು ಕ್ಷಯಿಸುವುದನ್ನು ಅಧ್ಯಯನ ಮಾಡುವ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಇಟ್ಟ ಅಳತೆ ಇದು. ಕೈಹಿಡಿತಕ್ಕೂ ಅವರು ಒಂದು ಗೆರೆ ಎಳೆದಿದ್ದಾರೆ. ಒತ್ತಿ ಹಿಡಿದರೆ ಬಲವನ್ನು ಕಿಲೋ ಲೆಕ್ಕದಲ್ಲಿ ತೋರಿಸುವ ಡೈನಮೋಮೀಟರ್ ಎಂಬ ಉಪಕರಣದಲ್ಲಿ ಗಂಡಸರು 28ಕ್ಕಿಂತ ಕಡಿಮೆ, ಹೆಂಗಸರು 18ಕ್ಕಿಂತ ಕಡಿಮೆ ಒತ್ತಿದರೆ ಬಲ ಕುಂದಿದೆ ಎಂದರ್ಥ. ನಮ್ಮ ಮನೆಗಳಲ್ಲಿ ಬಿಪಿ ಯಂತ್ರವಿದೆ, ಶುಗರ್ ನೋಡುವ ಸೂಜಿಯಿದೆ. ಹಿರಿಯರ ಎಚ್‌ಬಿಎ1ಸಿ ಎಷ್ಟೆಂದು ಎಷ್ಟೋ ಮಕ್ಕಳು ದಶಾಂಶ ಸಮೇತ ಹೇಳುತ್ತಾರೆ. ಅಮ್ಮ ನೆಲದಿಂದ ಒಬ್ಬಳೇ ಏಳಬಲ್ಲಳೇ ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ನನ್ನ ಮನವಿ ಇಷ್ಟೇ. ಹಿರಿಯರ ಬಲವನ್ನೂ ಒಂದು ಅಂಕಿಯೆಂದು ಲೆಕ್ಕಕ್ಕೆ ತೆಗೆದುಕೊಳ್ಳಿ. ಆ ಬಲ ಹುಟ್ಟುವ ಜಾಗವಾದ ಅವರ ತಟ್ಟೆಯನ್ನು ಒಮ್ಮೆ ಕಣ್ಣಿಟ್ಟು ನೋಡಿ.

ವಯಸ್ಸಾದಂತೆ ತೆಳ್ಳಗಾಗುವುದು ಸಹಜವೆಂದು ನಾವು ನಂಬಿದ್ದೇವೆ. ಸಹಜವೆಂಬುದು ಅರ್ಧ ನಿಜ. ನಡುವಯಸ್ಸು ದಾಟಿದ ಮೇಲೆ ಸ್ನಾಯು ವರ್ಷಕ್ಕೆ ಸುಮಾರು ಶೇ 1ರಷ್ಟು ಕರಗುತ್ತದೆ, ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಮೊದಲು ಸೊರಗುವುದು ಚುರುಕಾಗಿ ಕೆಲಸ ಮಾಡುವ ಎಳೆಗಳು. ಕಾಲು ಎಡವಿದಾಗ ಇನ್ನೊಂದು ಕಾಲನ್ನು ಥಟ್ಟನೆ ಮುಂದಿಟ್ಟು ದೇಹವನ್ನು ಉಳಿಸುವುದು ಅವೇ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಾಗ ನಾವು ಟೈಲ್ಸನ್ನು ಬೈಯುತ್ತೇವೆ, ತೊಡೆಯ ಕಡೆ ನೋಡುವುದಿಲ್ಲ. ಊಟವಾದ ಮೇಲೆ ರಕ್ತಕ್ಕಿಳಿಯುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೂ ಸ್ನಾಯುವೇ. ಅದು ಕುಗ್ಗಿದರೆ ಶುಗರ್ ಹತೋಟಿಗೆ ಬರುವುದು ಇನ್ನಷ್ಟು ಕಷ್ಟ. ಭಾರತವೂ ಸೇರಿ 17 ದೇಶಗಳ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಜನರನ್ನು ಹಿಂಬಾಲಿಸಿದ ‘ಪ್ಯೂರ್’ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಕೈಹಿಡಿತ ಐದು ಕಿಲೋ ಕಡಿಮೆಯಾದಂತೆ ಸಾವಿನ ಸಂಭವ ಶೇ 16ರಷ್ಟು ಹೆಚ್ಚಿತ್ತು. ಸಾವಿನ ಮುನ್ಸೂಚನೆ ಕೊಡುವುದರಲ್ಲಿ ಮೇಲಿನ ಬಿಪಿಗಿಂತ ಕೈಯ ಬಲವೇ ಚೆನ್ನಾಗಿತ್ತು ಎಂದು ಆ ವೈದ್ಯರು ಬರೆದರು.

ತೂಕದ ಯಂತ್ರ ಇದನ್ನು ಹೇಳುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಮತ್ತು ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯಡ್ಕಿನ್ ಅವರ ಚಿತ್ರವನ್ನು ಅಕ್ಕಪಕ್ಕ ಹಾಕಿದ್ದರು. ಇಬ್ಬರ ಬಿಎಂಐಯೂ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ನಮ್ಮವರದು ಇದೇ ಕಥೆ: ಕೈಕಾಲು ಸಣ್ಣ, ಹೊಟ್ಟೆ ಮುಂದೆ, ತೂಕ ನೋಡಿದರೆ ‘ನಾರ್ಮಲ್’.

ಹೈದರಾಬಾದಿನಲ್ಲಿ ಕೂತು ಇದನ್ನು ಬರೆಯುವಾಗ ಒಂದು ಬಗೆಯ ನಾಚಿಕೆಯೂ ಆಗುತ್ತದೆ. ದೇಶಕ್ಕೆಲ್ಲ ಏನು ತಿನ್ನಬೇಕೆಂದು ಹೇಳುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ಇಲ್ಲೇ ತಾರ್ನಾಕಾದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲಿ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾದ ಮೇಲೆ 1972ರಿಂದ ಕೆಲಸ ಮಾಡುತ್ತಿರುವ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಪಟಾನ್‌ಚೆರುವಿನಲ್ಲಿದೆ. ಸಿರಿಧಾನ್ಯಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ರಾಜೇಂದ್ರನಗರದಲ್ಲಿದೆ. ಇಂಥ ಊರಿನಲ್ಲಿದ್ದೂ ನಮ್ಮ ಹಿರಿಯರ ರಾತ್ರಿಯೂಟ ಬಿಳಿ ಅನ್ನ, ತಿಳಿಸಾರು, ಮಜ್ಜಿಗೆ.

ಪೋಷಣಾ ಸಂಸ್ಥೆಯ ಹುಟ್ಟಿನ ಕಥೆಯಲ್ಲಿ ನಮಗೂ ಒಂದು ಪಾತ್ರವಿದೆ. ಅದು ಶುರುವಾದದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ. ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ರೋಗದ ಮೂಲ ಹುಡುಕಲು ಅಲ್ಲಿ ಚಿಕ್ಕ ಪ್ರಯೋಗಶಾಲೆ ತೆರೆದಿದ್ದ. ಮುಂದೆ ಆತ ಭಾರತದ ಬೇರೆ ಬೇರೆ ಪ್ರಾಂತದ ಊಟವನ್ನು ಇಲಿಗಳಿಗೆ ಹಾಕಿ ನೋಡಿದ. ಸಿಖ್ಖರ, ಪಠಾಣರ, ಮರಾಠರ, ಗೂರ್ಖರ, ಬಂಗಾಳಿಗಳ, ಮದ್ರಾಸಿಗಳ ಊಟದ ಜೊತೆಗೆ ಕನ್ನಡಿಗರ ಊಟವೂ ಅದರಲ್ಲಿತ್ತು. ಇಡೀ ಗೋಧಿಯ ರೊಟ್ಟಿ, ಬೇಳೆ, ಹಾಲು, ಬೆಣ್ಣೆ, ತರಕಾರಿ, ವಾರಕ್ಕೊಮ್ಮೆ ಮಾಂಸ ತಿಂದ ಸಿಖ್ಖರ ಪಾಲಿನ ಇಲಿಗಳು ಎಲ್ಲಕ್ಕಿಂತ ದಷ್ಟಪುಷ್ಟವಾದವು. ಪಾಲಿಶ್ ಅಕ್ಕಿಯ ಮದ್ರಾಸಿ ಊಟದ ಇಲಿಗಳು ಕೊನೆಗೆ ಉಳಿದವು. ನಮ್ಮವು ಎರಡರ ನಡುವೆ ಎಲ್ಲೋ. ಇಲಿ ಮನುಷ್ಯನಲ್ಲ, ನಿಜ. ‘ವೀರ ಜನಾಂಗ’ಗಳ ಬಗ್ಗೆ ಆ ಕಾಲದ ಬಿಳಿಯರಿಗಿದ್ದ ಹುಚ್ಚೂ ಈ ಪ್ರಯೋಗಕ್ಕೆ ಅಂಟಿಕೊಂಡಿರಬಹುದು. ಆದರೂ ಊಟದ ಗುಣಕ್ಕೂ ಮೈಯ ಕಟ್ಟಿಗೂ ಇರುವ ನಂಟನ್ನು ಆತ ಕಣ್ಣಿಗೆ ಕಾಣುವಂತೆ ಇಟ್ಟ. ಆ ಪ್ರಯೋಗಶಾಲೆಯೇ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈಗಿನ ಹೆಸರು ಪಡೆಯಿತು.

ಅದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಬಿಡುಗಡೆ ಮಾಡಿತು. ಅದರಲ್ಲೊಂದು ಹಿರಿಯರಿಗೇ ಮೀಸಲು. ನಮ್ಮ ಊಟದ ಶಕ್ತಿಯಲ್ಲಿ ಶೇ 50ರಿಂದ 70ರಷ್ಟು ಅಕ್ಕಿ-ಗೋಧಿಯಿಂದಲೇ ಬರುತ್ತಿದೆ, ಅದು ಶೇ 45 ಮೀರಬಾರದು ಎನ್ನುತ್ತದೆ ಆ ಪುಸ್ತಕ. 2,000 ಕ್ಯಾಲರಿಯ ಒಂದು ದಿನದ ಮಾದರಿ ತಟ್ಟೆಯಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿ.ಲೀ., ಶೇಂಗಾ-ಬಾದಾಮಿಯಂಥವು 35 ಗ್ರಾಂ. ಹಿರಿಯರಿಗೆ ಅಷ್ಟು ಕ್ಯಾಲರಿ ಬೇಕಾಗದು, ಆದರೆ ಧಾನ್ಯಕ್ಕೂ ಬೇಳೆಗೂ ಇರುವ ಪ್ರಮಾಣ ನೋಡಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುನ್ನೂರು ಗ್ರಾಂ ಬೇಳೆಕಾಳು ಖರ್ಚಾಗುತ್ತದೆಯೇ? ತಿಂಗಳ ಕಿರಾಣಿ ಚೀಟಿ ತೆಗೆದು ಭಾಗಿಸಿದರೆ ಉತ್ತರ ಸಿಗುತ್ತದೆ.

ನಾನೇ ಒಂದು ಲೆಕ್ಕ ಹಾಕಿ ನೋಡಿದೆ. ಅರವತ್ತು ಕಿಲೋ ತೂಗುವ ಒಬ್ಬ ಹಿರಿಯರನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಮೂರು ಇಡ್ಲಿ, ದಿನಕ್ಕೆರಡು ಕಾಫಿ. ಮಧ್ಯಾಹ್ನ ನೂರು ಗ್ರಾಂ ಅಕ್ಕಿಯ ಅನ್ನ, ತಿಳಿಸಾರು, ಸ್ವಲ್ಪ ಪಲ್ಯ, ಒಂದು ಬಟ್ಟಲು ಮೊಸರು. ಸಂಜೆ ಎರಡು ಬಿಸ್ಕತ್ತು. ರಾತ್ರಿ ಎರಡು ಚಪಾತಿ, ಪಲ್ಯ, ಮಜ್ಜಿಗೆ. ಯಾರೂ ಇದನ್ನು ಉಪವಾಸ ಎನ್ನಲಾರರು. ಹೊಟ್ಟೆ ತುಂಬುತ್ತದೆ, ತೇಗು ಬರುತ್ತದೆ. ಪ್ರೋಟೀನ್ ಮಾತ್ರ ಸುಮಾರು 35 ಗ್ರಾಂ ದಾಟುವುದಿಲ್ಲ. ಎಲ್ಲ ವಯಸ್ಕರಿಗೂ ಭಾರತೀಯ ಶಿಫಾರಸು ಕಿಲೋ ತೂಕಕ್ಕೆ 0.83 ಗ್ರಾಂ, ಅಂದರೆ ಇವರಿಗೆ 50 ಗ್ರಾಂ. ಮುದಿ ಸ್ನಾಯು ಪ್ರೋಟೀನನ್ನು ಎಳೆಯ ಸ್ನಾಯುವಿನಷ್ಟು ಸಲೀಸಾಗಿ ಬಳಸಿಕೊಳ್ಳುವುದಿಲ್ಲವಾದ್ದರಿಂದ ಹಿರಿಯರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ವೃದ್ಧಾಪ್ಯ ತಜ್ಞರು ಹೇಳುತ್ತಾರೆ. ಹಾಗೆ ನೋಡಿದರೆ ಕನಿಷ್ಠ 60 ಗ್ರಾಂ.

ಕೊರತೆ 25 ಗ್ರಾಂ. ಇದನ್ನು ತುಂಬಲು ಸೂಪರ್‌ಮಾರ್ಕೆಟ್ಟಿನ ಡಬ್ಬದ ಪುಡಿ ಬೇಕಿಲ್ಲ. ಆ ಪುಡಿಗಳಿಂದ ದೂರವಿರಿ ಎಂದು ಪೋಷಣಾ ಸಂಸ್ಥೆಯೇ ಹೇಳಿದೆ. ಮೂವತ್ತು ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ ಮಾಡಿದರೆ 6-7 ಗ್ರಾಂ ಬಂತು. ಒಂದು ಮೊಟ್ಟೆಗೆ 6 ಗ್ರಾಂ. ಮೊಟ್ಟೆ ತಿನ್ನದವರಿಗೆ ಒಂದು ಬಟ್ಟಲು ಹೆಸರುಕಾಳಿನ ಉಸುಳಿ ಅದೇ ಕೆಲಸ ಮಾಡುತ್ತದೆ. ಒಂದು ಹಿಡಿ ಶೇಂಗಾಕ್ಕೆ 5. ಮಲಗುವ ಮುಂಚೆ ಒಂದು ಲೋಟ ಹಾಲಿಗೆ 7. ಕೂಡಿಸಿ ನೋಡಿ, 25 ಆಗಿಯೇಬಿಟ್ಟಿತು. ಜೊತೆಗೆ ಒಂದು ಅನ್ನದ ಕೈ ಕಡಿಮೆ ಬಡಿಸಿದರೆ ಶುಗರಿಗೂ ಒಳ್ಳೆಯದು. ಒಂದೇ ಹೊತ್ತಿಗೆ ಎಲ್ಲವನ್ನೂ ತುಂಬಬೇಡಿ, ಮೂರೂ ಹೊತ್ತಿಗೆ ಹಂಚಿ. ನಮ್ಮಲ್ಲಿ ತೀರ ಬಡವಾಗಿರುವುದು ಬೆಳಗಿನ ತಿಂಡಿ. ಅವಲಕ್ಕಿ, ಉಪ್ಪಿಟ್ಟು, ಮಂಡಕ್ಕಿಯ ಸೂಸಲ ಎಲ್ಲವೂ ರುಚಿಯೇ, ಆದರೆ ಕಾಳಿಲ್ಲದ್ದು. ಅದರ ಬದಲು ವಾರದಲ್ಲಿ ಮೂರು ದಿನವಾದರೂ ಹೆಸರುಕಾಳಿನ ದೋಸೆ, ಅಂದರೆ ಪೆಸರಟ್ಟು ಹಾಕಿ. ಹೈದರಾಬಾದಿನಲ್ಲಿದ್ದು ತೆಲುಗರಿಂದ ಗೊಂಗೂರ ಕಲಿತ ನಮಗೆ ಪೆಸರಟ್ಟು ಕಲಿಯುವುದು ಕಷ್ಟವಲ್ಲ.

ಗೊಂಗೂರ ಎಂದೆ, ಕಲಬುರಗಿ, ಬೀದರ, ರಾಯಚೂರಿನಿಂದ ಬಂದವರು ನಗುತ್ತಿರಬೇಕು. ಅದು ಅವರ ಪುಂಡಿಪಲ್ಯವೇ. 1956ರವರೆಗೆ ಆ ಜಿಲ್ಲೆಗಳೂ ಈ ಊರೂ ಒಂದೇ ರಾಜ್ಯದಲ್ಲಿದ್ದವು, ಅಡುಗೆಗೆ ಗಡಿ ಇರಲಿಲ್ಲ. ತೊಗರಿಬೇಳೆ, ಜೋಳದ ನುಚ್ಚು ಹಾಕಿ ಬೇಯಿಸಿದ ಪುಂಡಿಪಲ್ಯ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಡಕಿಕಾಳಿನ ಪಲ್ಯ, ಝುಣಕ, ಗಟ್ಟಿ ಮೊಸರು. ಈ ತಟ್ಟೆಯನ್ನು ತಾರ್ನಾಕಾಕ್ಕೆ ಒಯ್ದರೂ ವಿಜ್ಞಾನಿಗಳು ಹೆಚ್ಚೇನೂ ತಿದ್ದಲಾರರು, ಉಪ್ಪು ಮತ್ತು ಎಣ್ಣೆಯ ಬಗ್ಗೆ ಒಂದು ಮಾತು ಹೇಳಿಯಾರು, ಅಷ್ಟೇ. ದುಃಖದ ಸಂಗತಿಯೆಂದರೆ ಈ ಊಟ ಉಂಡು ಬೆಳೆದವರೇ ಮಕ್ಕಳ ಜೊತೆ ಮಿಯಾಪುರ, ಕೊಂಡಾಪುರದ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಅದನ್ನು ಬಿಟ್ಟರು. ರೊಟ್ಟಿ ಬಡಿಯುವವರಿಲ್ಲ, ಅಗಿಯಲು ಹಲ್ಲಿಲ್ಲ. ಮೊದಲನೆಯದಕ್ಕೆ ಈ ಊರೇ ದಾರಿ ಮಾಡಿಕೊಟ್ಟಿದೆ: ಸಂಜೆಯಾದರೆ ಬೀದಿ ಬೀದಿಯಲ್ಲಿ ಹೆಂಗಸರು ಒಲೆ ಹೂಡಿ ಬಿಸಿ ಜೊನ್ನ ರೊಟ್ಟೆ ಬಡಿದು ಕೊಡುತ್ತಾರೆ, ಆಫೀಸಿನಿಂದ ಬರುವಾಗ ನಾಲ್ಕು ಕಟ್ಟಿಸಿಕೊಂಡು ಬನ್ನಿ. ಎರಡನೆಯದಕ್ಕೆ ದಂತವೈದ್ಯರ ಹತ್ತಿರ ಹೋಗಬೇಕು. ಹಲ್ಲು ಕಟ್ಟಿಸುವುದನ್ನು ‘ಈ ವಯಸ್ಸಿನಲ್ಲಿ ಯಾಕೆ’ ಎಂದು ಮುಂದೂಡಿದ ಮನೆಗಳಲ್ಲಿ ಹಿರಿಯರು ವರ್ಷಗಟ್ಟಲೆ ಮೆತ್ತನ್ನ, ಬ್ರೆಡ್ಡು, ಬಾಳೆಹಣ್ಣಿನ ಮೇಲೆ ಬದುಕುತ್ತಾರೆ. ಅಲ್ಲಿಯವರೆಗೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಕೊಡಿ, ಶೇಂಗಾ ಪುಡಿ ಮಾಡಿ, ಕಾಳನ್ನು ಮೆತ್ತಗೆ ಬೇಯಿಸಿ.

ಇನ್ನು ಹಿರಿಯರ ಕಡೆಯ ಮಾತು. “ನನಗ ಹಸಿವಿಲ್ಲವ್ವಾ, ಒಂದ್ ತುತ್ತು ಮೊಸರನ್ನ ಸಾಕು” ಎಂದರೆ ಸೊಸೆ ಎಷ್ಟು ಒತ್ತಾಯ ಮಾಡಿಯಾಳು? ಒಪ್ಪತ್ತಿನ ಊಟ, ರಾತ್ರಿ ಫಲಾಹಾರ, ಏಕಾದಶಿ, ಸೋಮವಾರ, ಗುರುವಾರ ಹೀಗೆ ವ್ರತಗಳು ವಯಸ್ಸಿನ ಜೊತೆ ಹೆಚ್ಚುತ್ತಲೇ ಹೋಗುತ್ತವೆ. ವ್ರತ ಬಿಡಿ ಎನ್ನುವುದು ನನ್ನ ಕೆಲಸವಲ್ಲ. ಆದರೆ ಸಾಬೂದಾಣೆಯಲ್ಲಿ ಬಲವಿಲ್ಲ, ಹಾಲು, ಮೊಸರು, ಶೇಂಗಾದಲ್ಲಿದೆ. ಉಪವಾಸದ ದಿನವೂ ಅವು ನಡೆಯುತ್ತವೆ. ಎಲ್ಲಕ್ಕಿಂತ ಹೆಚ್ಚು ನನಗೆ ಚಿಂತೆ ಒಂಟಿಯಾಗಿರುವ ಹೆಣ್ಣುಮಕ್ಕಳದು. ಜೀವನವಿಡೀ ಎಲ್ಲರಿಗೂ ಬಡಿಸಿ ಕೊನೆಗೆ ತಳದ ಅನ್ನ ಉಂಡವರು, ಗಂಡ ಹೋದ ಮೇಲೆ ‘ಒಬ್ಬಳಿಗಾಗಿ ಏನು ಒಲೆ ಹಚ್ಚುವುದು’ ಎಂದು ಅನ್ನ-ಉಪ್ಪಿನಕಾಯಿಯಲ್ಲಿ ದಿನ ದೂಡುತ್ತಾರೆ. ನಿಮ್ಮ ಮಹಡಿಯಲ್ಲಿ, ಗಲ್ಲಿಯಲ್ಲಿ ಅಂಥವರಿದ್ದರೆ ವಾರಕ್ಕೆರಡು ದಿನ ಒಂದು ಡಬ್ಬಿ ಉಸುಳಿ ಕಳಿಸಿ. ಕರೆದು ಜೊತೆಯಲ್ಲಿ ಕೂರಿಸಿಕೊಂಡು ಉಂಡರೆ ಇನ್ನೂ ಒಳ್ಳೆಯದು, ಜನ ಜೊತೆಗಿದ್ದರೆ ತುತ್ತು ತಾನಾಗಿ ಹೆಚ್ಚು ಇಳಿಯುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಗಳ ಬಗ್ಗೆ ವಿಶೇಷವಾಗಿ ಎಚ್ಚರವಿರಲಿ. 2007ರಲ್ಲಿ ಅಮೆರಿಕದಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಳೆದರು. ಯಾವ ರೋಗವೂ ಇಲ್ಲದ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಕೊಬ್ಬಿಲ್ಲದ ಮಾಂಸ ಹೋಗಿತ್ತು. ಡೆಂಗಿಯೋ ನ್ಯುಮೋನಿಯಾವೋ ಬಂದು ಮಲಗಿದವರ ಗತಿ ಊಹಿಸಿ. ನಾವು ಆಗ ಕೊಡುವುದೇನು? ಗಂಜಿ, ಬ್ರೆಡ್ಡು, ಎಳನೀರು, ‘ಅಲ್ಲಾಡಬೇಡಿ, ರೆಸ್ಟ್ ಮಾಡಿ’ ಎಂಬ ಪ್ರೀತಿಯ ಗದರಿಕೆ. ವೈದ್ಯರು ಬೇಡವೆನ್ನದಿದ್ದರೆ ಬೇಳೆಕಟ್ಟು, ಹೆಸರುಬೇಳೆಯ ಮೆತ್ತನೆಯ ಖಿಚಡಿ, ಮೊಟ್ಟೆ ಅಥವಾ ಪನೀರು, ಮೊಸರು ಕೊಡಿ. ಮೊದಲ ದಿನದಿಂದಲೇ ಹಿಡಿದು ನಿಲ್ಲಿಸಿ, ನಾಲ್ಕು ಹೆಜ್ಜೆ ಹಾಕಿಸಿ.

ಊಟವೊಂದೇ ಸಾಲದು ಎಂಬುದನ್ನೂ ಇಲ್ಲೇ ಹೇಳಬೇಕು. 1990ರಲ್ಲಿ ಬೋಸ್ಟನ್ನಿನ ವೈದ್ಯೆ ಮಾರಿಯಾ ಫಿಯಾಟರೋನ್ ಅವರು ತೊಂಬತ್ತರ ಆಸುಪಾಸಿನ ಹತ್ತು ವೃದ್ಧಾಶ್ರಮವಾಸಿಗಳಿಗೆ ಎಂಟು ವಾರ ತೂಕ ಎತ್ತುವ ಕಾಲಿನ ವ್ಯಾಯಾಮ ಮಾಡಿಸಿದರು. ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ನಾಲ್ಕು ವರ್ಷದ ನಂತರ ಅವರೇ ನೂರು ಜನರ ಮೇಲೆ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪೇಯ ಕುಡಿದವರ ಬಲ ಹೆಚ್ಚಲಿಲ್ಲ. ಇಟ್ಟಿಗೆ ತಂದು ರಾಶಿ ಹಾಕಿದರೆ ಗೋಡೆ ಏಳುವುದಿಲ್ಲ, ಗಾರೆಯವನು ಕೆಲಸಕ್ಕೆ ಬರಬೇಕು. ಕೆಬಿಆರ್ ಪಾರ್ಕಿನಲ್ಲಿ, ಇಂದಿರಾ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ಹಿರಿಯರನ್ನು ಕಂಡರೆ ಖುಷಿಯಾಗುತ್ತದೆ. ಹೃದಯಕ್ಕೆ ಅದು ಒಳ್ಳೆಯದೇ, ತೊಡೆಗೆ ಮಾತ್ರ ಅಷ್ಟು ಸಾಲದು. ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಹತ್ತರಂತೆ ಎರಡು ಮೂರು ಸರದಿ ಮಾಡಲಿ. ಗೋಡೆ ಹಿಡಿದು ಹಿಮ್ಮಡಿ ಎತ್ತಲಿ. ಒಂದು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಎತ್ತಲಿ. ಅಂಗಡಿಯಿಂದ ತರಕಾರಿ ಚೀಲವನ್ನು ಅವರೇ ತರಲಿ ಬಿಡಿ, ಕಿತ್ತುಕೊಳ್ಳಬೇಡಿ.

2023ರ ಡಿಸೆಂಬರಿನಿಂದ ತೆಲಂಗಾಣದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ನಿಲ್ದಾಣದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ, ಆ ಮೊದಲ ಎತ್ತರದ ಮೆಟ್ಟಿಲು ಹತ್ತಲಾರದೆ ಎಷ್ಟು ಅಜ್ಜಿಯರು ಕಂಡಕ್ಟರಮ್ಮನ ಕೈ ಹುಡುಕುತ್ತಾರೆಂದು. ಸರ್ಕಾರ ಟಿಕೆಟ್ ಮನ್ನಾ ಮಾಡಬಹುದು, ಮೆಟ್ಟಿಲು ಹತ್ತುವ ಬಲ ಊಟದಿಂದ, ಅಭ್ಯಾಸದಿಂದ ಬರಬೇಕು.

ಊಟದ ವಿಷಯದಲ್ಲಿ ಸರ್ಕಾರದಿಂದ ಕೇಳಬೇಕಾದದ್ದು ಬೇಕಷ್ಟಿದೆ. 2025ರ ಏಪ್ರಿಲಿನಿಂದ ತೆಲಂಗಾಣದ ಪಡಿತರದಲ್ಲಿ ತಲೆಗೆ ಆರು ಕಿಲೋ ಸಣ್ಣಕ್ಕಿ ಸಿಗುತ್ತಿದೆ. ಅಕ್ಕಿ ಚೆನ್ನಾಗಿದೆ, ಹಸಿವು ನೀಗಿಸುತ್ತದೆ. ಜೊತೆಗೆ ಒಂದು ಕಿಲೋ ಬೇಳೆ ಇದ್ದರೆ ಬಡ ಹಿರಿಯರ ತಟ್ಟೆಯ ಸ್ವರೂಪವೇ ಬದಲಾಗುತ್ತಿತ್ತು. 2014ರಲ್ಲಿ ಶುರುವಾದ ನಗರಪಾಲಿಕೆಯ ಐದು ರೂಪಾಯಿ ಊಟದ ಸಾಲಿನಲ್ಲಿ ನರೆತ ತಲೆಗಳು ಕಡಿಮೆಯಿಲ್ಲ. ಅಲ್ಲಿಯೂ ತಟ್ಟೆ ತುಂಬ ಅನ್ನವೇ, ಬೇಳೆ-ಪಲ್ಯ ಪಕ್ಕಕ್ಕಷ್ಟು. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಮೊಟ್ಟೆ, ಹಾಲು ಕೊಡುವ ರಾಜ್ಯವಿದು, ಶಾಲೆಯ ಮಕ್ಕಳಿಗೂ ಮೊಟ್ಟೆ ಕೊಡುತ್ತದೆ. ಹಾಗೆ ಕೊಟ್ಟದ್ದು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಸಾಕ್ಷಿಯೂ ಇಲ್ಲೇ ಇದೆ: 1987ರಿಂದ 1990ರವರೆಗೆ ಹೈದರಾಬಾದಿನ ಸುತ್ತಲಿನ ಹಳ್ಳಿಗಳಲ್ಲಿ ಪೂರಕ ಆಹಾರ ಸಿಕ್ಕ ತಾಯಂದಿರ ಮಕ್ಕಳು ಹದಿಹರೆಯಕ್ಕೆ ಬಂದಾಗ ಉಳಿದವರಿಗಿಂತ ತುಸು ಎತ್ತರವಾಗಿದ್ದರು, ಅವರ ಮೈ ಇನ್ಸುಲಿನ್ನಿಗೂ ಚೆನ್ನಾಗಿ ಸ್ಪಂದಿಸುತ್ತಿತ್ತು. ಮಕ್ಕಳಿಗೆ ಒಪ್ಪಿದ ನ್ಯಾಯ ಅರವತ್ತು ದಾಟಿದವರಿಗೂ ಸಲ್ಲಬೇಕು. 2018ರಿಂದ ಗಲ್ಲಿಗಲ್ಲಿಗೂ ಬಂದಿರುವ ಬಸ್ತಿ ದವಾಖಾನೆಗಳಲ್ಲಿ ಒಂದೊಂದು ಹಿಡಿತ ಅಳೆಯುವ ಉಪಕರಣ ಇಡುವುದು ಬೊಕ್ಕಸಕ್ಕೆ ಭಾರವಾಗುವ ಮಾತಲ್ಲ. ನಿಮ್ಮ ಶಾಸಕರು ಓಟು ಕೇಳಲು ಬಂದಾಗ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ.

ಒಂದೆರಡು ಎಚ್ಚರಿಕೆ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಶುಗರಿಗೆ ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವವರು, ಅದರಲ್ಲೂ ಸಸ್ಯಾಹಾರಿಗಳು, ಬಿ12 ಪರೀಕ್ಷೆ ಮಾಡಿಸಿ. ಬಾಗಿಲು ಹಾಕಿದ ಫ್ಲಾಟಿನಲ್ಲೇ ಇರುವವರು ವಿಟಮಿನ್ ಡಿ ಕೂಡ. ಪ್ರಯತ್ನಪಡದೆಯೇ ಆರು ತಿಂಗಳಲ್ಲಿ ಮೂರು ನಾಲ್ಕು ಕಿಲೋ ಇಳಿದಿದ್ದರೆ ‘ಶುಗರ್ ಕಂಟ್ರೋಲಿಗೆ ಬಂತು’ ಎಂದು ಹಿಗ್ಗಬೇಡಿ, ತೋರಿಸಿ.

ಕೊನೆಯದಾಗಿ ನಮ್ಮ ಸಂಘ-ಸಂಸ್ಥೆಗಳಿಗೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಯ ಹಳೆಯ ವಿದ್ಯಾರ್ಥಿಗಳು, ಮಠ-ಮಂದಿರಗಳ ಸೇವಾ ಮಂಡಳಿಗಳು, ಅಪಾರ್ಟ್‌ಮೆಂಟುಗಳ ಕನ್ನಡ ಬಳಗಗಳು, ನೀವೆಲ್ಲ ಸೇರಿದರೆ ಈ ಊರಿನ ಕನ್ನಡದ ಹಿರಿಯರಲ್ಲಿ ಬಹುಪಾಲು ಜನರನ್ನು ತಲುಪಬಲ್ಲಿರಿ. ಸಭೆಯ ಉಪಾಹಾರದಲ್ಲಿ ಕೇಸರಿಬಾತು ಇರಲಿ, ಅದರ ಪಕ್ಕ ಕಡಲೆಕಾಳಿನ ಉಸುಳಿಯೂ ಇರಲಿ. ಈ ವರ್ಷದ ರಾಜ್ಯೋತ್ಸವಕ್ಕೆ ಆರೋಗ್ಯ ಶಿಬಿರ ಇಡುವುದಾದರೆ ಒಂದು ಡೈನಮೋಮೀಟರ್ ಕೊಳ್ಳಿ, ಒಂದು ಕುರ್ಚಿ, ಒಂದು ಗಡಿಯಾರ ಇಡಿ. ಬಂದ ಪ್ರತಿಯೊಬ್ಬ ಹಿರಿಯರ ಚೀಟಿಯಲ್ಲಿ ಬಿಪಿ, ಶುಗರ್ ಕೆಳಗೆ ಬಲದ ಅಂಕಿಯನ್ನೂ ಬರೆದುಕೊಡಿ, ಮುಂದಿನ ವರ್ಷ ಅದೇ ಚೀಟಿ ತಂದು ಮತ್ತೆ ಅಳೆಸಿಕೊಳ್ಳಲು ಹೇಳಿ.